ಹಿಂದಿ ಟೀಚರ್ ಬಿಚ್ಚಿಟ್ಟ ಮುತ್ತು

ಹೋದ ತಿಂಗಳು ನಮ್ಮ ಕಾಲೇಜಿನಲ್ಲಿ ವಾರ್ಷಿಕೋತ್ಸವವಿತ್ತು. ನಾನು ಹಗರಿಬೊಮ್ಮನಹಳ್ಳಿಯ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತೆ. ಬೆಳಿಗ್ಗೆ ಪ್ರಮಾಣಪತ್ರಗಳಿಗೆ ಸೀಲು ಒತ್ತುತ್ತ ಕೂತಿದ್ದಾಗ, ಹೊಸದಾಗಿ ಸೇರಿದ ಉಪನ್ಯಾಸಕಿಯೊಬ್ಬಳು ಓಡಿಬಂದು, ಕೂದಲನ್ನು ಮುಂದಕ್ಕೆ ಎಳೆದುಕೊಂಡು ನನಗೆ ಬೆನ್ನು ಮಾಡಿ ನಿಂತಳು.

"ಅಕ್ಕಾ, ಇದೊಂದು ಹುಕ್ ಹಾಕ್ರಿ. ನಂಗ ಉಗುರು ಅಡ್ಡ ಬರ್ತಾವು."

ಕೊರಳಿಗೆ ಅಂಟಿದಂತೆ ಕೂರುವ ಮೂರೆಳೆ ಮುತ್ತಿನ ಸರ. ಆನ್‌ಲೈನಿನಲ್ಲಿ ತರಿಸಿದ್ದಂತೆ. ಸೀರೆಗೂ ಒಪ್ಪುತ್ತದೆ, ಜೀನ್ಸಿಗೂ ಒಪ್ಪುತ್ತದೆ, ಈಗ ಎಲ್ಲರೂ ಇದನ್ನೇ ಹಾಕುತ್ತಾರೆ ಎಂದು ಅವಳು ಹೇಳುತ್ತಲೇ ಇದ್ದಳು. ಅವಳ ಕತ್ತಿನಿಂದ ಪೌಡರಿನ ವಾಸನೆ ಬರುತ್ತಿತ್ತು. ಸರದ ಎರಡು ತುದಿಗಳು ನನ್ನ ಬೆರಳುಗಳ ನಡುವೆ ಇದ್ದವು. ಕೊಂಡಿಯೊಳಗೆ ಹುಕ್ಕು ಸೇರಿಸಿದರೆ ಮುಗಿಯಿತು, ಒಂದು ಕ್ಷಣದ ಕೆಲಸ. ನನ್ನ ಕೈಯಲ್ಲಿ ಅದು ಆಗಲಿಲ್ಲ. "ಕನ್ನಡಕ ಇಲ್ಲ ನೋಡವ್ವ" ಎಂದು ಸುಳ್ಳು ಹೇಳಿ ಇನ್ನೊಬ್ಬರ ಹತ್ತಿರ ಕಳಿಸಿದೆ. ಕನ್ನಡಕ ನನ್ನ ಮೂಗಿನ ಮೇಲೆಯೇ ಇತ್ತು. ಅವಳು ಅದನ್ನು ನೋಡಿಯೇ ಹೋದಳು.

ಅವತ್ತಿಡೀ ನನಗೆ ನನ್ನ ಹಿಂದಿ ಟೀಚರ್ ನೆನಪಾಗುತ್ತಿದ್ದರು.

ತೊಂಬತ್ತೇಳೋ ತೊಂಬತ್ತೆಂಟೋ ಇರಬೇಕು... ನಾನು ಕೂಡ್ಲಿಗಿಯಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಹೈಸ್ಕೂಲು ಓದುತ್ತಿದ್ದೆ. ಒಂಬತ್ತನೆಯ ತರಗತಿ. ನಮ್ಮೂರು ಗುಡೇಕೋಟೆಯ ಹತ್ತಿರ, ಗುಡ್ಡಗಳ ಬುಡದಲ್ಲಿರುವ ಸಣ್ಣ ಹಳ್ಳಿ. ಹೊತ್ತು ಮುಳುಗಿದ ಮೇಲೆ ಕರಡಿಗಳು ಇಳಿಯುತ್ತಿದ್ದ ಊರು. ಆ ವರ್ಷ ಜೂನಿನಲ್ಲಿ ಮೈಸೂರಿನ ಕಡೆಯಿಂದ ಹಿಂದಿ ಟೀಚರ್ ಬಂದರು. ಇಪ್ಪತ್ತೇಳು ಇಪ್ಪತ್ತೆಂಟರ ವಯಸ್ಸು. ಗಂಜಿ ಹಾಕಿ ಇಸ್ತ್ರಿ ಮಾಡಿದ ನೂಲಿನ ಸೀರೆ, ಎಡಗೈಗೆ ಗಡಿಯಾರ, ಕಿವಿಯಲ್ಲಿ ಒಂದೊಂದು ಮುತ್ತು, ಕೊರಳಲ್ಲಿ ಒಂದೆಳೆ ಮುತ್ತಿನ ಸರ. ಬಂಗಾರದ ಒಂದು ಗುಂಡೂ ಮೈಮೇಲೆ ಇರಲಿಲ್ಲ.

ನಮ್ಮ ಕಡೆ ಹೆಂಗಸರ ಕೊರಳು ನೋಡಿದರೆ ಅವರ ಕಥೆ ಅರ್ಧ ತಿಳಿಯುತ್ತಿತ್ತು. ತಾಳಿ, ಗುಂಡು, ಲಿಂಗದ ಕರಡಿಗೆ, ಬರಿ ಕೊರಳು... ಒಂದೊಂದಕ್ಕೂ ಒಂದು ಅರ್ಥ. ಇವರ ಕೊರಳು ಮಾತ್ರ ಯಾರಿಗೂ ಓದಲು ಬರಲಿಲ್ಲ. ಲಗ್ನವಾಗಿದೆಯೋ ಇಲ್ಲವೋ ಎಂದು ಹುಡುಗಿಯರಲ್ಲಿ ಎರಡು ಪಕ್ಷವಾಗಿತ್ತು. ಕೊನೆಗೆ ಧೈರ್ಯವಿದ್ದವಳೊಬ್ಬಳು ಕ್ಲಾಸಿನಲ್ಲೇ ಕೇಳಿಬಿಟ್ಟಳು: "ಟೀಚರ್, ಬಂಗಾರ ಯಾಕ ಹಾಕ್ಕಳಾಂಗಿಲ್ರಿ?"

ಟೀಚರ್ ನಕ್ಕರು. "ಬಂಗಾರ ಹಾಕ್ಕೊಂಡ್ರೆ ಯಾರೋ ಕೊಡಿಸಿದ್ದು ಅಂತ ಕಾಣತ್ತೆ ಕಣೇ. ಇದು ನನ್ನ ಮೊದಲ ಸಂಬಳದಲ್ಲಿ ನಾನೇ ತಗೊಂಡಿದ್ದು. ಇದು ಹಾಕ್ಕೊಂಡ್ರೆ ನಾನು ನನ್ನ ಹಾಗೇ ಕಾಣ್ತೀನಿ."

ಆ ಮಾತು ನಮಗೆ ಪೂರ್ತಿ ತಿಳಿಯಲಿಲ್ಲ. ಆದರೆ ಎರಡು ವಾರದಲ್ಲಿ ಬಸ್‌ಸ್ಟ್ಯಾಂಡಿನ ಫ್ಯಾನ್ಸಿ ಅಂಗಡಿಯಲ್ಲಿ ಪ್ಲಾಸ್ಟಿಕ್ಕಿನ ಮುತ್ತಿನ ಸರಗಳು ತೂಗಾಡತೊಡಗಿದವು. ಅರ್ಧ ಕ್ಲಾಸಿನ ಕೊರಳಿಗೆ ಅವು ಬಂದವು. ಬೆವರಿಗೆ ಅವುಗಳ ಬಿಳಿ ಬಣ್ಣ ಸಿಪ್ಪೆಸಿಪ್ಪೆಯಾಗಿ ಎದ್ದು ಕತ್ತಿಗೆ ಅಂಟಿಕೊಳ್ಳುತ್ತಿತ್ತು. ಟೀಚರ್ ಅದನ್ನು ಕಂಡು ಒಂದು ದಿನ ತಮ್ಮ ಸರವನ್ನು ಬಿಚ್ಚಿ ಮುಂದಿನ ಬೆಂಚಿನ ಮೇಲಿಟ್ಟು, "ಹಲ್ಲಿಗೆ ಉಜ್ಜಿ ನೋಡಿ. ಮರಳು ಮರಳು ಅನ್ನಿಸಿದ್ರೆ ನಿಜವಾದ ಮುತ್ತು" ಎಂದರು. ಎಲ್ಲರೂ ಸರತಿಯಲ್ಲಿ ಉಜ್ಜಿ ನೋಡಿದರು. ನನ್ನ ಕೈಗೆ ಬಂದಾಗ ಅದು ಟೀಚರ್ ಮೈಯ ಬಿಸಿಯನ್ನು ಇನ್ನೂ ಹಿಡಿದುಕೊಂಡಿತ್ತು. ನಾನು ಹಲ್ಲಿಗೆ ಉಜ್ಜಲಿಲ್ಲ. ಸುಮ್ಮನೆ ಹಿಡಿದುಕೊಂಡು ಪಕ್ಕದವಳಿಗೆ ಕೊಟ್ಟೆ.

ಯಾಕೆಂದರೆ ನಮ್ಮ ಮನೆಯಲ್ಲಿ 'ಮುತ್ತು' ಎಂಬ ಮಾತಿಗೆ ಬೇರೆ ಅರ್ಥವಿತ್ತು.

ನನ್ನ ಅವ್ವನ ಕೊರಳಲ್ಲೂ ಒಂದು ಸರವಿತ್ತು. ಕೆಂಪು ಮಣಿ, ಬಿಳಿ ಮಣಿ ಒಂದಾದ ಮೇಲೊಂದು ಪೋಣಿಸಿದ ದಪ್ಪ ದಾರದ ಸರ. ಅವ್ವನಿಗೆ ಹತ್ತು ವರ್ಷವಿದ್ದಾಗ, ಮನೆಯಲ್ಲಿ ಗಂಡುಮಕ್ಕಳಿಲ್ಲ ಎಂದು ಅವಳನ್ನು ಒಂದು ಗುಡ್ಡದ ಮೇಲಿನ ಗುಡಿಗೆ ಕರೆದೊಯ್ದು ದೇವರಿಗೆ ಬಿಟ್ಟಿದ್ದರು. ಅದಕ್ಕೆ ನಮ್ಮ ಕಡೆ ಮುತ್ತು ಕಟ್ಟುವುದು ಎನ್ನುತ್ತಾರೆ. ಮುತ್ತು ಕಟ್ಟಿಸಿಕೊಂಡವಳಿಗೆ ಲಗ್ನವಿಲ್ಲ. ಅವಳ ಮಕ್ಕಳಿಗೆ ಹೇಳಿಕೊಳ್ಳಲು ಅಪ್ಪನಿಲ್ಲ. ನಮ್ಮ ಮನೆಯಲ್ಲಿ ಅಪ್ಪ ಎಂಬುವರು ಇರಲಿಲ್ಲ. ಶಾಲೆಯ ರಿಜಿಸ್ಟರಿನಲ್ಲಿ ತಂದೆಯ ಹೆಸರಿನ ಜಾಗದಲ್ಲಿ ಅವ್ವನ ಅಪ್ಪನ ಹೆಸರು ಬರೆಸಿದ್ದರು. ಸಣ್ಣವಳಿದ್ದಾಗ ಎಲ್ಲ ಅವ್ವಂದಿರ ಕೊರಳಲ್ಲೂ ಇಂಥ ಸರ ಇರುತ್ತದೆ ಎಂದು ನಾನು ತಿಳಿದಿದ್ದೆ. ಇಲ್ಲ ಎಂದು ತಿಳಿದದ್ದು ಯಾವಾಗ, ಯಾರು ಹೇಳಿದರು... ನೆನಪಿಲ್ಲ. ಹಾಸ್ಟೆಲಿನಲ್ಲಿ ಯಾರಿಗೂ ನಾನು ಇದನ್ನು ಹೇಳಿರಲಿಲ್ಲ. ಕೆಲವರಿಗೆ ಗೊತ್ತಿತ್ತು ಎಂದು ಕಾಣುತ್ತದೆ.

ನಾನು ಹುಟ್ಟಿದ ಮೇಲೆ ನನಗೂ ಮುತ್ತು ಕಟ್ಟಬೇಕೆಂದು ಅವ್ವನ ಅಕ್ಕ, ನಮ್ಮ ದೊಡ್ಡವ್ವ, ಹಟ ಹಿಡಿದಿದ್ದಳಂತೆ. ಕಾಯ್ದೆ ಬಂದಿತ್ತು, ಆದರೂ ಕದ್ದು ಕಟ್ಟುವವರಿದ್ದರು. ಅವ್ವ ಒಪ್ಪಲಿಲ್ಲ. ಏಳನೆಯ ತರಗತಿ ಮುಗಿಯುತ್ತಲೇ ನನ್ನನ್ನು ಕೂಡ್ಲಿಗಿಯ ಹಾಸ್ಟೆಲಿಗೆ ಹಾಕಿದ್ದು ಓದಲಿ ಎಂದಷ್ಟೇ ಅಲ್ಲ, ಆ ಊರಿನ ಕೈಯಿಂದ ದೂರ ಇರಲಿ ಎಂದೂ ಕೂಡ. ಅವಳು ಹುಣಸೆಹಣ್ಣು ಬಡಿಯುವ ಕೂಲಿಗೆ ಹೋಗಿ ನನ್ನನ್ನು ಓದಿಸುತ್ತಿದ್ದಳು.

ಇದ್ಯಾವುದೂ ಹಿಂದಿ ಟೀಚರಿಗೆ ಗೊತ್ತಿರಲಿಲ್ಲ. ಅವರಿಗೆ ಮುತ್ತು ಅಂದರೆ ಮುತ್ತು, ಅಷ್ಟೇ.

ಅವರಿಗೆ ನನ್ನ ಮೇಲೆ ಪ್ರೀತಿಯಿತ್ತು. ನನಗೆ ಹಿಂದಿ ಬೇಗ ಹತ್ತಿತ್ತು, ಓದುವಾಗ ತಡವರಿಸುತ್ತಿರಲಿಲ್ಲ. ಸ್ಕೂಲ್ ಡೇ ಬಂದಾಗ ಅತಿಥಿಗಳ ಎದುರು ಸ್ವಾಗತಗೀತೆ ಹಾಡಲು ಎಂಟು ಹುಡುಗಿಯರನ್ನು ಆರಿಸಿದರು, ನನ್ನನ್ನು ನಡುವೆ ನಿಲ್ಲಿಸಿದರು. ದಸರಾ ರಜೆಯಲ್ಲಿ ಅವರು ಹೈದರಾಬಾದಿನಲ್ಲಿದ್ದ ಅಕ್ಕನ ಮನೆಗೆ ಹೋದವರು ಎಂಟು ಮುತ್ತಿನ ಸರ ತಂದಿದ್ದರು. ಎಂಟೂ ಜನಕ್ಕೆ ಬಿಳಿ ಸೀರೆ, ಒಂದೊಂದು ಎಳೆ ಮುತ್ತು, ಬೇರೆ ಒಡವೆ ಏನೂ ಬೇಡ. ಮೈಸೂರಿನಲ್ಲಿ ಕಾಲೇಜು ಹುಡುಗಿಯರು ಈಗ ಹೀಗೇ ಇರುತ್ತಾರೆ ಎಂದರು. ಕಾರ್ಯಕ್ರಮ ಮುಗಿದ ಮೇಲೆ ಸರಗಳು ನಿಮಗೇ ಎಂದೂ ಹೇಳಿದರು.

ನಾನು ಏನು ಮಾಡಬೇಕಿತ್ತು? ಬೇಡ ಎನ್ನಬೇಕಿತ್ತೇ? ಇವತ್ತಿಗೂ ತಿಳಿಯುವುದಿಲ್ಲ. ಒಂದು ಕಡೆ, ಅವ್ವ ಕಂಡರೆ ಏನಂದಾಳು ಎಂದು ಯೋಚಿಸುತ್ತಿದ್ದೆ. ಇನ್ನೊಂದು ಕಡೆ, ಆ ಸರ ನನ್ನ ಕೊರಳಲ್ಲಿ ಹೇಗೆ ಕಂಡೀತು ಎಂದು ಕನ್ನಡಿಯ ಎದುರು ಬರಿ ಕೊರಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದೆ. ಹೆದರಿಕೆ ಎಷ್ಟಿತ್ತೋ ಆಸೆಯೂ ಅಷ್ಟೇ ಇತ್ತು. ಎರಡರಲ್ಲಿ ಯಾವುದು ನನ್ನದು ಎಂದು ಗೊತ್ತಾಗುತ್ತಿರಲಿಲ್ಲ.

ಸ್ಕೂಲ್ ಡೇ ದಿನ ಅವ್ವ ಬರುತ್ತೇನೆಂದು ಹೇಳಿದ್ದಳು. ಅವಳು ನನ್ನ ಶಾಲೆ ನೋಡಿಯೇ ಇರಲಿಲ್ಲ. ಮಧ್ಯಾಹ್ನ ಒಂದು ಕೋಣೆಯಲ್ಲಿ ಟೀಚರ್ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಗೇ ಸರ ಹಾಕುತ್ತ ಬಂದರು. ನನ್ನ ಸರದಿ ಬಂತು. ನಾನು ಕುಗ್ಗಿ ಕುಗ್ಗಿ ನಿಲ್ಲುತ್ತಿದ್ದೆ. ನಾಚಿಕೆ ಎಂದುಕೊಂಡರೇನೋ, ನನ್ನ ಭುಜ ಹಿಡಿದು ನೆಟ್ಟಗೆ ನಿಲ್ಲಿಸಿ, ಎಲ್ಲರಿಗೂ ಕೇಳುವ ಹಾಗೆ ನಗುತ್ತ ಹೇಳಿದರು:

"ನಿಂತ್ಕೋ ಸುಮ್ನೆ. ಇವತ್ತು ನಿನಗೆ ನಾನೇ ಮುತ್ತು ಕಟ್ತೀನಿ."

ಸುತ್ತಲಿನ ಹಳ್ಳಿಗಳಿಂದ ಬಂದ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ನನ್ನ ಕಿವಿ ಕಾದವು. ಟೀಚರ್ ಕೈ ನನ್ನ ಕತ್ತಿನ ಹಿಂದೆ ಇತ್ತು, ಹುಕ್ಕು ಬಿದ್ದ ಸಣ್ಣ ಸದ್ದು ಕೇಳಿಸಿತು. ತಲೆ ಎತ್ತಿದರೆ ಬಾಗಿಲಲ್ಲಿ ಅವ್ವ ನಿಂತಿದ್ದಳು. ಕಂಕುಳಲ್ಲಿ ಬುತ್ತಿಯ ಗಂಟು. ಆ ಮಾತು ಅವಳಿಗೆ ಕೇಳಿಸಿತ್ತು.

ಅವ್ವ ಕೂಗಾಡಲಿಲ್ಲ. ಬುತ್ತಿಯನ್ನು ಬಾಗಿಲ ಪಕ್ಕ ಇಟ್ಟು ನೇರ ನನ್ನ ಬಳಿ ಬಂದಳು. ನನ್ನ ಕೊರಳಿನ ಸರವನ್ನು ಹಿಡಿದು ಸುತ್ತ ತಿರುಗಿಸತೊಡಗಿದಳು. ಒಂದು ಸುತ್ತು, ಎರಡು ಸುತ್ತು... ಅವಳು ಗಂಟು ಹುಡುಕುತ್ತಿದ್ದಳು. ಗಂಟು ಸಿಗಲಿಲ್ಲ. ಹುಣಸೆಹಣ್ಣಿನ ಕಪ್ಪು ಹಿಡಿದ ಅವಳ ಬೆರಳುಗಳು ಮತ್ತೆ ಮೊದಲಿನಿಂದ ಹುಡುಕುತ್ತಿದ್ದವು. ಗಾಬರಿಯಾದ ಟೀಚರ್ ಮುಂದೆ ಬಂದು, ಒಂದೇ ಬೆರಳಿನಲ್ಲಿ ಹುಕ್ಕು ಒತ್ತಿದರು. ಸರ ಬಿಚ್ಚಿಕೊಂಡು ಅವ್ವನ ಅಂಗೈಗೆ ಬಿತ್ತು. ಅವ್ವ ಅದನ್ನು ತಿರುವಿ ನೋಡಿದಳು. ಆಮೇಲೆ ಟೀಚರ್ ಕೈಗೆ ಕೊಟ್ಟಳು.

"ನಮ್ಮ ಮನ್ಯಾಗ ಮುತ್ತು ನನ್ನ ಕೊಳ್ಳಿಗೇ ಮುಗೀತ್ರಿ ಟೀಚರ್. ನನ್ನ ಮಗಳಿಗೆ ಬ್ಯಾಡ್ರಿ."

ಟೀಚರ್ ಸರವನ್ನು ಹಿಡಿದುಕೊಂಡು ಒಮ್ಮೆ ಅವ್ವನನ್ನು, ಒಮ್ಮೆ ನನ್ನನ್ನು ನೋಡಿದರು. ತಾವು ಏನು ತಪ್ಪು ಮಾಡಿದೆವು ಎಂದು ಅವರಿಗೆ ತಿಳಿದಿರಲಿಲ್ಲ. ಆ ಮುಖ ನನಗೆ ಈಗಲೂ ಕಾಣುತ್ತದೆ. ಅವ್ವ ನನ್ನ ಕೈ ಹಿಡಿದು ನಡೆದಳು. ಬಿಳಿ ಸೀರೆಯಲ್ಲೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವ್ವ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದಳು. ನಾನು ಅಳುತ್ತಿದ್ದೆ. ಬೈದಿದ್ದಕ್ಕಲ್ಲ, ಅವಳು ಬೈದೇ ಇರಲಿಲ್ಲ. ಹಾಡು ತಪ್ಪಿತು ಎಂದೂ ಅಲ್ಲ. ಆ ಸರ ನನ್ನ ಕೊರಳಲ್ಲಿ ಇನ್ನೊಂದೆರಡು ನಿಮಿಷ ಇರಬೇಕಿತ್ತು ಎಂದು ಅಳುತ್ತಿದ್ದೆ. ಅದನ್ನು ಯಾರಿಗೆ ಹೇಳುವುದು?

ಸುದ್ದಿ ನಮಗಿಂತ ಮೊದಲೇ ಊರು ಸೇರಿದಂತಿತ್ತು. ಮರುದಿನ ಬೆಳಿಗ್ಗೆ ದೊಡ್ಡವ್ವ ಬಂದು ಕಟ್ಟೆಯ ಮೇಲೆ ಕೂತಳು.

"ಗುಡ್ಡದ ಮ್ಯಾಲಿನ ತಾಯೀನೇ ಕೇಳ್ಯಾಳ ನೋಡು" ಎಂದಳು. "ನೀ ಕಟ್ಟಾಂಗಿಲ್ಲ ಅಂದಿ. ಆಕಿ ಇನ್ನೊಬ್ಬರ ಕೈಲೆ ಕಟ್ಟಿಸ್ಕಂಡ್ಲು. ಇನ್ನ ತಪ್ಪಿಸಾಕ ಬರ್ತತೇನು?"

ಅವ್ವ ಅಷ್ಟು ಹೆದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಹದಿನಾಲ್ಕು ವರ್ಷ ದೊಡ್ಡವ್ವನಿಗೆ ಎದುರು ನಿಂತವಳು ಅವತ್ತು ತುಟಿ ಬಿಚ್ಚಲಿಲ್ಲ. ನನ್ನನ್ನು ಮತ್ತೆ ಹಾಸ್ಟೆಲಿಗೆ ಕಳಿಸಲಿಲ್ಲ. ವಾರ ಕಳೆಯುವುದರೊಳಗೆ ಹರಪನಹಳ್ಳಿಯ ಕಡೆಯ ದೂರದ ಸಂಬಂಧದಲ್ಲಿ ಒಬ್ಬ ಗಂಡನ್ನು ನೋಡಿದಳು. ನನಗಿಂತ ಹದಿನೈದು ವರ್ಷ ದೊಡ್ಡವನು. ಕೊರಳಿಗೆ ತಾಳಿ ಬಿದ್ದುಬಿಟ್ಟರೆ ಯಾರೂ ಮುತ್ತಿನ ಮಾತು ಎತ್ತುವುದಿಲ್ಲ ಎಂಬುದು ಅವಳ ಲೆಕ್ಕ. ಒಂದರಿಂದ ತಪ್ಪಿಸಲು ಇನ್ನೊಂದು. ನನ್ನನ್ನು ಯಾರೂ ಕೇಳಲಿಲ್ಲ. ಹಿಂದಿ ಪುಸ್ತಕವನ್ನು ತೆರೆದು ಅದೇ ಪುಟವನ್ನು ನೋಡುತ್ತ ಕೂರುತ್ತಿದ್ದೆ.

ಮೂರನೆಯ ಭಾನುವಾರ ಹಿಂದಿ ಟೀಚರ್ ಬಂದರು. ಜೊತೆಗೆ ನಮ್ಮ ಶಾಲೆಯ ಆಯಾ ಇದ್ದಳು. ಮುತ್ತು ಕಟ್ಟುವುದೆಂದರೆ ಏನು ಎಂದು ಟೀಚರಿಗೆ ಹೇಳಿದವಳೂ ದಾರಿ ತೋರಿಸಿದವಳೂ ಅವಳೇ. ಬಸ್ಸಿಳಿದು ಎರಡು ಮೈಲಿ ಬಿಸಿಲಲ್ಲಿ ನಡೆದು ಬಂದಿದ್ದರು. ಟೀಚರ್ ಸೀರೆಯ ಅಂಚು ಕೆಂಪು ಧೂಳಾಗಿತ್ತು. ಕೊರಳು ಬರಿದಾಗಿತ್ತು, ಕಿವಿಯಲ್ಲೂ ಏನೂ ಇರಲಿಲ್ಲ. ನಾನು ಮೊದಲು ಗುರುತೇ ಹಿಡಿಯಲಿಲ್ಲ.

ಅವ್ವ ಅಂಗಳದಲ್ಲಿ ಹುಣಸೆಹಣ್ಣು ಬಡಿಯುತ್ತಿದ್ದಳು. "ಬರ್ರಿ" ಎಂದಳು, ಬಡಿಯುವುದನ್ನು ನಿಲ್ಲಿಸಲಿಲ್ಲ. ಟೀಚರ್ ಚಾಪೆಗೂ ಕಾಯದೆ ನೆಲದ ಮೇಲೆ ಕೂತರು.

"ನನಗೆ ಗೊತ್ತಿರ್ಲಿಲ್ಲಮ್ಮ. ಆ ಮಾತಿಗೆ ಹಾಗೊಂದು ಅರ್ಥ ಇದೆ ಅಂತ ನನಗೆ ಗೊತ್ತಿರ್ಲಿಲ್ಲ" ಎಂದರು.

ಅವ್ವನ ಕೊಡತಿ ಏಳುತ್ತಿತ್ತು, ಬೀಳುತ್ತಿತ್ತು. ಬೀಜಗಳು ಸಿಡಿದು ಟೀಚರ್ ಮಡಿಲಿಗೆ ಬೀಳುತ್ತಿದ್ದವು. ನನ್ನ ಲಗ್ನದ ಸುದ್ದಿ ಆಯಾಳಿಂದ ಅವರಿಗೆ ತಿಳಿದಿತ್ತು. ಅದು ಬೇಡ ಎಂದರು. ಎಸ್ಸೆಸ್ಸೆಲ್ಸಿಯಾದರೂ ಮುಗಿಯಲಿ, ಹುಡುಗಿ ಚೆನ್ನಾಗಿ ಓದುತ್ತಾಳೆ, ನಾನು ಜವಾಬ್ದಾರಿ ಎಂದರು. ಅವ್ವ ಕೊಡತಿಯನ್ನು ಪಕ್ಕಕ್ಕಿಟ್ಟು, ಬೇರೆಯದೇ ಒಂದು ಮಾತು ಕೇಳಿದಳು.

"ನಿಮ್ಮ ಕೊಳ್ಳಾಗಿನ ಮುತ್ತು ಯಾರು ಕಟ್ಟಿದ್ರು?"

"ಯಾರೂ ಕಟ್ಟಿಲ್ಲಮ್ಮ. ನಾನೇ ತಗೊಂಡೆ. ನಾನೇ ಹಾಕ್ಕೊಳ್ತೀನಿ."

"ಬಿಚ್ತೀರೇನು?"

"ದಿನಾ ಬಿಚ್ತೀನಿ. ಮನೆಗೆ ಹೋದ ಕೂಡ್ಲೇ ಬಟ್ಟೇಲಿ ಒರೆಸಿ ಡಬ್ಬೀಲಿ ಇಡ್ತೀನಿ."

ಅವ್ವ ನಂಬಲಿಲ್ಲ. ಟೀಚರ್ ಚೀಲದಿಂದ ಸಣ್ಣ ಡಬ್ಬಿ ತೆಗೆದು ಸರವನ್ನು ಅವಳ ಕೈಗಿಟ್ಟರು. ಅವ್ವ ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು. ಹುಕ್ಕು ಹಾಕಿದಳು, ತೆಗೆದಳು. ಮತ್ತೆ ಹಾಕಿದಳು, ಮತ್ತೆ ತೆಗೆದಳು. ಎಷ್ಟು ಸಲವೋ... ಮೊದಲು ನಗುತ್ತಿದ್ದಾಳೆ ಎಂದುಕೊಂಡೆ. ನಗುತ್ತಿರಲಿಲ್ಲ.

"ನಂಗ ಕಟ್ಟಿದಾಗ ಬರೇ ಸರ ಐತಿ ಅಂದಿದ್ರು" ಎಂದಳು. "ಹೊಸ ಸೀರಿ, ಕೈತುಂಬ ಬಳಿ, ಬೆಲ್ಲದ ಅನ್ನ. ನಾ ಕುಣಿದಾಡಿದ್ದೆ. ಬಿಚ್ಚಾಕ ಬರಾಂಗಿಲ್ಲ ಅಂತ ಯಾರೂ ಹೇಳ್ಲಿಲ್ಲ."

ಅದಕ್ಕಿಂತ ಹೆಚ್ಚು ಅವಳು ತನ್ನ ಕಥೆಯನ್ನು ನನ್ನೆದುರು ಯಾವತ್ತೂ ಹೇಳಿಲ್ಲ. ಟೀಚರ್ ತಲೆ ತಗ್ಗಿಸಿ ಕೂತಿದ್ದರು. ಅವರ ಕಣ್ಣಿಂದ ನೀರು ಹುಣಸೆಬೀಜಗಳ ಮೇಲೆ ಬೀಳುವುದನ್ನು ನಾನು ಬಾಗಿಲ ಮರೆಯಿಂದ ನೋಡಿದೆ. ಟೀಚರುಗಳು ಅಳುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ.

ಕೊನೆಗೆ ಅವ್ವ ಸರವನ್ನು ಹಿಂದೆ ಕೊಟ್ಟು ಎರಡು ಮಾತು ಹೇಳಿದಳು. ನಾಳೆಯಿಂದ ಮಗಳನ್ನು ಕಳಿಸುತ್ತೇನೆ, ಆದರೆ ಅವಳ ಕೊರಳಿಗೆ ಯಾರೂ ಏನೂ ಹಾಕಬಾರದು. ಅದು ಒಂದು. ಇನ್ನೊಂದನ್ನು ಎದ್ದು ನಿಂತ ಟೀಚರ್ ಕೈ ಹಿಡಿದು ಹೇಳಿದಳು.

"ನೀವು ಹಾಕ್ಕಂಡೇ ಇರ್ರಿ. ನಮ್ಮ ಸಲುವಾಗಿ ಬಿಡಬ್ಯಾಡ್ರಿ. ಬಿಚ್ಚೋ ಮುತ್ತೂ ಇರ್ತಾವು ಅಂತ ಇಕಿ ದಿನಾ ನೋಡ್ಲಿ."

ಟೀಚರ್ ಹೂಂ ಎಂದು ತಲೆಯಾಡಿಸಿದರು. ನಾನು ನೋಡಿದ್ದೇನೆ, ತಲೆಯಾಡಿಸಿದರು.

ಲಗ್ನದ ಮಾತು ಅಲ್ಲಿಗೆ ನಿಂತಿತು. ದೊಡ್ಡವ್ವ ಹಲವು ತಿಂಗಳು ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ. ನಾನು ಸೋಮವಾರ ಶಾಲೆಗೆ ಹೋದೆ. ಮೂರನೆಯ ಪಿರಿಯಡ್ ಹಿಂದಿ. ಟೀಚರ್ ಒಳಗೆ ಬಂದರು. ಕೊರಳಲ್ಲಿ ಏನೂ ಇರಲಿಲ್ಲ.

ಇವತ್ತು ಮರೆತಿರಬೇಕು ಎಂದುಕೊಂಡೆ. ಮಂಗಳವಾರವೂ ಇಲ್ಲ, ಬುಧವಾರವೂ ಇಲ್ಲ. ಒಂದು ತಿಂಗಳಾಯಿತು. ಅದೇ ಗಂಜಿಯ ಸೀರೆ, ಅದೇ ಗಡಿಯಾರ, ಬರಿ ಕೊರಳು. ಪಾಠ ಮಾಡುವಾಗ ಅವರ ಕೈ ಒಮ್ಮೊಮ್ಮೆ ಕೊರಳ ಹತ್ತಿರ ಹೋಗಿ ಖಾಲಿಯಾಗಿ ಕೆಳಗಿಳಿಯುತ್ತಿತ್ತು. ಹುಡುಗಿಯರೂ ಒಬ್ಬೊಬ್ಬರಾಗಿ ತಮ್ಮ ಪ್ಲಾಸ್ಟಿಕ್ಕಿನ ಸರಗಳನ್ನು ಬಿಟ್ಟರು. ಬಿಟ್ಟ ಸಿಟ್ಟು ನನ್ನ ಮೇಲೆ ತಿರುಗಿತು. "ನಿನ್ನ ದೆಸಿಯಿಂದ ಟೀಚರ್ ಸರ ಬಿಟ್ರು" ಎಂದು ನನ್ನ ಬೆಂಚಿನವಳೇ ಹೇಳಿದಳು. ಅವಳು ಕೊಟ್ಟೂರಿನವಳು, ನನ್ನ ಗೆಳತಿ. ನನಗೂ ಸಿಟ್ಟಿತ್ತು. ಯಾರ ಮೇಲೆ ಎಂದು ಮಾತ್ರ ತಿಳಿಯುತ್ತಿರಲಿಲ್ಲ. ಕೆಲವು ದಿನ ಅವ್ವನ ಮೇಲೆ, ಕೆಲವು ದಿನ ಟೀಚರ್ ಮೇಲೆ. ಹಾಕಿಕೊಳ್ಳುತ್ತೇನೆಂದು ತಲೆಯಾಡಿಸಿ ಯಾಕೆ ಹಾಕಿಕೊಳ್ಳಲಿಲ್ಲ? ನಮ್ಮ ಮೇಲಿನ ಕನಿಕರವೋ, ನಮ್ಮ ಮನೆಯ ಮಾತು ತಾಗಿದ ವಸ್ತು ತಮ್ಮ ಮೈಗೆ ಬೇಡ ಎಂಬ ಹೇಸಿಗೆಯೋ? ಹದಿನಾಲ್ಕರ ವಯಸ್ಸಿನಲ್ಲಿ ನನಗೆ ಎರಡನೆಯದೇ ನಿಜ ಎನ್ನಿಸುತ್ತಿತ್ತು.

ಊರಿಗೆ ಹೋದಾಗಲೆಲ್ಲ ಅವ್ವನದು ಒಂದೇ ಪ್ರಶ್ನೆ. "ಟೀಚರ್ ಮುತ್ತು ಹಾಕ್ಯಾರೇನು?"

ಮೊದಲ ಸಲ ನಾನು ತಡವರಿಸಿ ಹೂಂ ಎಂದೆ. ಮನಸ್ಸು ತಡೆಯದೆ ಮರುದಿನ ಸ್ಟಾಫ್‌ರೂಮಿನ ಹೊರಗೆ ಟೀಚರನ್ನು ನಿಲ್ಲಿಸಿ, ಅವ್ವ ಹೀಗೆ ಕೇಳುತ್ತಾಳೆ ಎಂದು ಹೇಳಿದೆ. ಅವರು ಕಾರಿಡಾರಿನ ಆ ತುದಿಯ ಕಡೆ ಮುಖ ತಿರುಗಿಸಿದರು.

"ಹಾಕ್ಕೊಂಡಿದ್ದಾರೆ ಅಂತಾನೇ ಹೇಳು" ಎಂದರು.

ಹೀಗೆ ಅದು ನಮ್ಮಿಬ್ಬರ ಸುಳ್ಳಾಯಿತು. ಆರು ತಿಂಗಳು ನಾನು ಅವ್ವನಿಗೆ ಆ ಸುಳ್ಳು ಹೇಳಿದೆ. ಸುಳ್ಳು ಹೇಳಿದಾಗಲೆಲ್ಲ ಅವಳ ಮುಖ ಅರಳುತ್ತಿತ್ತು. ಹುಣಸೆಹಣ್ಣು ಬಡಿಯುತ್ತ, "ಕೆಂಪು ಸೀರಿ ಮ್ಯಾಲ ಚಲೋ ಕಾಣ್ತತಿ ಅದು, ಅಲ್ಲೇನು?" ಎಂದು ಕೇಳುತ್ತಿದ್ದಳು. ಹೂಂ ಅನ್ನುತ್ತಿದ್ದೆ.

ನಾನು ಹತ್ತನೆಯ ತರಗತಿಗೆ ಬಂದ ವರ್ಷ, ಮಳೆಗಾಲದ ಶುರುವಿನಲ್ಲಿ, ಟೀಚರಿಗೆ ಮೈಸೂರಿನ ಕಡೆಗೆ ವರ್ಗವಾಯಿತು. ಹೊರಡುವ ದಿನ ಅವರನ್ನು ಕಳಿಸಲು ನಾವು ಐದಾರು ಹುಡುಗಿಯರು ಬಸ್‌ಸ್ಟ್ಯಾಂಡಿಗೆ ಹೋದೆವು. ಅವ್ವನಿಗೆ ಆಯಾ ಸುದ್ದಿ ಮುಟ್ಟಿಸಿದ್ದಳು. ನಾನು ಹೇಳಿರಲಿಲ್ಲ, ಹೇಳಿದರೆ ಬರುತ್ತಾಳೆ ಎಂದು ಹೆದರಿದ್ದೆ. ಬಸ್ಸು ಇನ್ನೇನು ಹೊರಡಬೇಕು ಎನ್ನುವಾಗ ಅವ್ವ ಬಂದಳು, ಕೈಯಲ್ಲಿ ಬೀಜ ತೆಗೆದ ಹೊಸ ಹುಣಸೆಹಣ್ಣಿನ ದೊಡ್ಡ ಉಂಡೆ.

ಅವಳ ಕಣ್ಣು ಮೊದಲು ಹೋದದ್ದು ಟೀಚರ್ ಕೊರಳಿಗೆ. ಆಮೇಲೆ ನನ್ನ ಮುಖಕ್ಕೆ. ಮತ್ತೆ ಟೀಚರ್ ಕೊರಳಿಗೆ.

"ಮುತ್ತು ಎಲ್ಲಿ ಐತ್ರಿ?" ಎಂದಳು.

ಟೀಚರ್ ಚೀಲದ ಕಡೆ ಕೈ ಮಾಡಿದರು. ಇದೆ, ಡಬ್ಬಿಯಲ್ಲಿದೆ.

"ಹಾಕ್ಕಳ್ರಿ. ಒಂದ್ಸಲ ನೋಡ್ತೀನಿ."

"ಆಗಲ್ಲಮ್ಮ" ಎಂದರು ಟೀಚರ್. ಸಣ್ಣ ದನಿಯಲ್ಲಿ, ಆದರೆ ನನಗೆ ಕೇಳಿಸಿತು. "ನಿಮ್ಮ ಮನೆಯಿಂದ ಬಂದ ಮಾರನೇ ದಿನ ಕನ್ನಡಿ ಮುಂದೆ ನಿಂತು ಹಾಕ್ಕೊಳಕ್ಕೆ ಹೋದೆ. ಹುಕ್ ಹಾಕುವಾಗ ಅವತ್ತು ನಾನು ಆಡಿದ ಮಾತೇ ಕೇಳಿಸ್ತು. ದಿನಾ ಪ್ರಯತ್ನ ಪಟ್ಟೆ. ನನ್ನ ಕೈಲಿ ಆಗ್ಲೇ ಇಲ್ಲ."

ಕಂಡಕ್ಟರ್ ಸೀಟಿ ಊದಿದ. ಟೀಚರ್ ಹುಣಸೆಹಣ್ಣನ್ನು ಎದೆಗವಚಿಕೊಂಡು ಬಸ್ಸು ಹತ್ತಿದರು. ನನ್ನ ತಲೆಯ ಮೇಲೆ ಕೈಯಿಟ್ಟರೋ ಇಲ್ಲವೋ... ಇಟ್ಟರು ಎಂದು ನೆನಪು, ಆದರೆ ಖಾತ್ರಿಯಿಲ್ಲ. ಕಿಟಕಿಯಿಂದ ಕೈ ಬೀಸಿದ್ದು ಖಾತ್ರಿ.

ನಾನು ಬೈಗುಳಕ್ಕೆ ಸಿದ್ಧಳಾಗಿ ನಿಂತಿದ್ದೆ. ಆರು ತಿಂಗಳ ಸುಳ್ಳಿಗೆ ಅವ್ವ ಏನು ಮಾಡಿದರೂ ಸರಿಯೇ ಎಂದುಕೊಂಡಿದ್ದೆ. ಅವಳು ಸುಳ್ಳಿನ ಸುದ್ದಿಯನ್ನೇ ಎತ್ತಲಿಲ್ಲ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದು, ಆಮೇಲೆ ತನ್ನಷ್ಟಕ್ಕೆ ಹೇಳಿಕೊಂಡಳು.

"ಪಾಪ, ನಮ್ಮದು ಹೋಗಿ ಆಕಿ ಕೊಳ್ಳಿಗೆ ಬಿತ್ತು."

ಅವತ್ತು ತಿಳಿಯಿತು, ಅದು ಹೇಸಿಗೆಯಾಗಿರಲಿಲ್ಲ. ಆದರೆ ತಿಳಿದದ್ದರಿಂದ ಹಗುರವೇನೂ ಆಗಲಿಲ್ಲ. ಗೊತ್ತಿಲ್ಲದೆ ಆಡಿದ ಒಂದು ಮಾತಿಗೆ ಅವರು ತಮ್ಮ ಮೊದಲ ಸಂಬಳದ ಸಂತೋಷವನ್ನು ತೆತ್ತರು. ಅದು ಬೇಕಿರಲಿಲ್ಲ, ಅವ್ವ ಬೇಡ ಎಂದೇ ಹೇ‍ಳಿದ್ದಳು. ನನಗೂ ಬೇಡವಾಗಿತ್ತು. ಅವರು ಅದನ್ನು ಹಾಕಿಕೊಂಡು ಬರಲಿ, ನಾನು ನೋಡುತ್ತ ಕೂರಬೇಕು ಎಂಬುದಷ್ಟೇ ನನ್ನ ಆಸೆಯಾಗಿತ್ತು. ಆ ಮಾತನ್ನು ಒಂದು ಸಲವೂ ಅವರಿಗೆ ಹೇಳಲಿಲ್ಲ.

ಎಸ್ಸೆಸ್ಸೆಲ್ಸಿ ಪಾಸಾದೆ. ಕೊಟ್ಟೂರಿನಲ್ಲಿ ಪಿಯುಸಿ, ಡಿಗ್ರಿ, ಆಮೇಲೆ ಈ ನೌಕರಿ. ಅವ್ವ ಈಗ ನನ್ನ ಜೊತೆಗೇ ಇದ್ದಾಳೆ. ಅವಳ ಕೊರಳಿನ ಸರ ಹಾಗೇ ಇದೆ. ಅವಳಂಥ ಎಷ್ಟೋ ಹೆಂಗಸರು ಅದನ್ನು ಕಿತ್ತೆಸೆದರು, ನೀನೂ ತೆಗೆ ಎಂದು ಎಷ್ಟೋ ಸಲ ಹೇಳಿದ್ದೇನೆ. "ಇರ್ಲಿ ಬಿಡು, ಅದೀಗ ಚರ್ಮ ಆಗೇತಿ" ಎನ್ನುತ್ತಾಳೆ. ನೌಕರಿ ಸಿಕ್ಕಾಗ ಟೀಚರಿಗೆ ಒಂದು ಕಾಗದ ಬರೆಯಲು ಕೂತಿದ್ದೆ. ಎರಡು ಸಾಲು ಬರೆದೆ. ಮೂರನೆಯ ಸಾಲಿನಲ್ಲಿ ಮುತ್ತಿನ ಮಾತು ಬರಲೇಬೇಕಿತ್ತು, ಅಲ್ಲಿಗೆ ನಿಲ್ಲಿಸಿದೆ. ಮತ್ತೊಮ್ಮೆ ಬರೆಯೋಣ ಎಂದುಕೊಂಡೆ... ಹಾಗೆಯೇ ವರ್ಷಗಳು ಕಳೆದವು.

ಹೋದ ತಿಂಗಳು, ಆ ಉಪನ್ಯಾಸಕಿಯನ್ನು ಬೇರೆಯವರ ಬಳಿ ಕಳಿಸಿದ ದಿನ ಸಂಜೆ, ನನ್ನ ಕೊಟ್ಟೂರಿನ ಗೆಳತಿಗೆ ಫೋನು ಮಾಡಿದೆ. ಅವಳಿಗೆ ಹಳೆಯ ಟೀಚರುಗಳೊಡನೆ ಸಂಪರ್ಕವಿತ್ತು. ಹಿಂದಿ ಟೀಚರ್ ನಂಬರ್ ಇದ್ದರೆ ಕೊಡು ಎಂದೆ.

"ಅವರು ಹೋಗಿ ಎರಡು ವರ್ಷ ಆತಲ್ಲೇ" ಎಂದಳು ಅವಳು. "ನಿಂಗ ಗೊತ್ತಿಲ್ಲೇನು? ನಾ ಅದಕ್ಕೂ ಮೊದಲ ಮೈಸೂರಿಗೆ ಹೋದಾಗ ಅವರ ಮನಿಗೆ ಹೋಗಿ ಬಂದಿದ್ದೆ."

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಟಿವಿಯ ಸದ್ದು ಕಡಿಮೆ ಮಾಡಿದಳು.

"ಏನಾಗಿತ್ತಂತ?"

"ಕೇಳ್ಲಿಲ್ಲವ್ವ."

"ಲಗ್ನ ಆಗಿದ್ಲೇನು? ಮಕ್ಳು ಅದಾರೇನು?"

"ಗೊತ್ತಿಲ್ಲ."

"ಕಡೀ ಕಾಲಕ್ಕ ಹತ್ರ ಯಾರರ ಇದ್ರೋ ಇಲ್ಲೋ?"

"ಅದೂ ಗೊತ್ತಿಲ್ಲವ್ವ."

"ಮತ್ತ ಫೋನಿನ್ಯಾಗ ಏನ್ ಕೇಳ್ದಿ ನೀನು?" ಎಂದಳು ಅವ್ವ.

ನಾನು ಕೇಳಿದ್ದು ಒಂದೇ ಮಾತು. ನೀನು ಅವರ ಮನೆಗೆ ಹೋದಾಗ ಕೊರಳಲ್ಲಿ ಮುತ್ತಿನ ಸರ ಇತ್ತೇನು ಎಂದು ಕೇಳಿದ್ದೆ. ಗೆಳತಿ ಸ್ವಲ್ಪ ಯೋಚಿಸಿ, ನೋಡಿದ ನೆನಪಿಲ್ಲ ಎಂದಿದ್ದಳು. ಅದನ್ನು ಅವ್ವನಿಗೆ ಹೇಳಲಿಲ್ಲ. ಅವಳು ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತ ಕೂತಿದ್ದಳು.